ಓದುಗರ ಪ್ರಶ್ನೆ: ಟೈಟಾನಿಯಂ ಗಟ್ಟಿಯೋ, ನಿಕ್ಕಲ್ ಮಿಶ್ರಲೋಹ ಗಟ್ಟಿಯೋ?

ಹಿಂದಿನ ಸಂಚಿಕೆಯಲ್ಲಿ ಜೆಟ್ ಎಂಜಿನ್ ಬಗ್ಗೆ ಬರೆಯುವಾಗ ಟೈಟಾನಿಯಂ ವಿಷಯ ಸುಮ್ನೆ ಹಾದುಹೋಗಿತ್ತು. ಅಷ್ಟಕ್ಕೇ ಕೊಡಗಿನ ಮೂಲೆಮೂಲೆಯಿಂದ ಪ್ರಶ್ನೆ ಬಂದಿವೆ. ಸೈಲೆನ್ಸರಿನಿಂದ ಹಿಡಿದು ಅಡುಗೆ ಪಾತ್ರೆ ತನಕ! ಕಾಫಿಗೆ ಬರುವ ಬಿಳಿ ಕಾಂಡಕೊರಕದ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಗೆ ಕಾಯಬೇಕು. ಈ ಸಲ ಪುಟ ಪೂರ್ತಿ ಲೋಹಕ್ಕೆ.

ಸರ್, ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ. ಟೈಟಾನಿಯಮ್ಮೇ ಗಟ್ಟಿ ಅಂತ ನಾನು, ಇಂಕೊನೆಲ್ ಅನ್ನೋ ನಿಕ್ಕಲ್ ಮಿಶ್ರಲೋಹ ಅದಕ್ಕಿಂತ ಗಟ್ಟಿ ಅಂತ ನನ್ನ ರೂಮ್‌ಮೇಟ್. ಒಂದು ಪ್ಲೇಟ್ ಪಂದಿ ಕರಿ ಬೆಟ್ ಕಟ್ಟಿದ್ದೇವೆ. ಟೈಟಾನಿಯಂ ಕರಗೋದು 1668 ಡಿಗ್ರಿಗೆ, ನಿಕ್ಕಲ್ 1455ಕ್ಕೇ ಕರಗುತ್ತದೆ. ಹಾಗಾದ್ರೆ ನಾನೇ ಗೆದ್ದೆ ಅಲ್ವಾ?
— ವಿದ್ಯಾರ್ಥಿ, ಪೊನ್ನಂಪೇಟೆ

ಇಲ್ಲ, ಗೆದ್ದಿಲ್ಲ. ನಿಮ್ಮ ರೂಮ್‌ಮೇಟೂ ಪೂರ್ತಿ ಗೆದ್ದಿಲ್ಲ. ಪಂದಿ ಕರಿ ಇಬ್ಬರೂ ಸೇರಿ ದುಡ್ಡು ಹಾಕಿ ತಿನ್ನಿ.

ಮೊದಲು ಲೆಕ್ಕ ನೋಡೋಣ. ಜಾಸ್ತಿ ಬಳಕೆಯಲ್ಲಿರುವ ಟೈಟಾನಿಯಂ ಮಿಶ್ರಲೋಹದಲ್ಲಿ ನೂರಕ್ಕೆ 6 ಭಾಗ ಅಲ್ಯೂಮಿನಿಯಂ, 4 ಭಾಗ ವೆನೇಡಿಯಂ ಇರುತ್ತದೆ. ಫ್ಯಾಕ್ಟರಿಯಲ್ಲಿ ಅದನ್ನು 'ಸಿಕ್ಸ್-ಫೋರ್' ಅಂತಲೇ ಕರೆಯುತ್ತಾರೆ. ನಿಕ್ಕಲ್ ಕಡೆಯಿಂದ ಇಂಕೊನೆಲ್ 718 ತಗೊಳ್ಳೋಣ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನಿಕ್ಕಲ್, ಜೊತೆಗೆ ಕ್ರೋಮಿಯಂ, ಕಬ್ಬಿಣ, ನಯೋಬಿಯಂ, ಮಾಲಿಬ್ಡಿನಂ. ಇನ್ನೊಂದು ತಮಾಷೆ ಏನಂದ್ರೆ, ಶೇಕಡಾ ಒಂದರಷ್ಟು ಟೈಟಾನಿಯಮ್ಮೂ ಅದರೊಳಗೇ ಇದೆ! ಮಾಮೂಲಿ ಉಷ್ಣತೆಯಲ್ಲಿ ಸಿಕ್ಸ್-ಫೋರ್ ಸುಮಾರು 880 ಮೆಗಾಪ್ಯಾಸ್ಕಲ್ ಒತ್ತಡದ ತನಕ ಶಾಶ್ವತವಾಗಿ ಬಗ್ಗದೆ ತಡೆದುಕೊಳ್ಳುತ್ತದೆ. ಶಾಖ ಕೊಟ್ಟು ಹದ ಮಾಡಿದ 718 ಕನಿಷ್ಠ 1034 ತಡೆಯುತ್ತದೆ. ಇಲ್ಲಿಗೆ ರೂಮ್‌ಮೇಟ್ ಮುಂದೆ.

ಈಗ ತೂಕ. ಸಿಕ್ಸ್-ಫೋರ್ ಒಂದು ಘನ ಸೆಂಟಿಮೀಟರಿಗೆ 4.43 ಗ್ರಾಂ, 718 ಆದ್ರೆ 8.19 ಗ್ರಾಂ. ಹೆಚ್ಚುಕಮ್ಮಿ ಎರಡು ಪಟ್ಟು. ತಡೆಯುವ ಒತ್ತಡವನ್ನು ತೂಕದಿಂದ ಭಾಗಿಸಿ ನೋಡಿ: ಟೈಟಾನಿಯಮ್ಮಿಗೆ 199 ಬರುತ್ತದೆ, ನಿಕ್ಕಲ್‌ಗೆ 126. ಅಂದ್ರೆ ಗ್ರಾಂ ಲೆಕ್ಕದಲ್ಲಿ ನೀವು ಮುಂದೆ, ಅದೂ ಸಣ್ಣ ಅಂತರ ಅಲ್ಲ. ವಿಮಾನ ಮಾಡುವವರಿಗೆ ಬೇಕಾದದ್ದು ಈ ಎರಡನೇ ಲೆಕ್ಕ. ಆದ್ರೆ ಸರಳು ಬಾಗಬಾರದು, ಬಿಗಿಯಾಗಿ ನಿಲ್ಲಬೇಕು ಅಂತಿದ್ದರೆ ಇನ್ನೊಂದು ಅಳತೆ ನೋಡಬೇಕು. ಒಂದೇ ದಪ್ಪದ ಎರಡು ಸರಳಿಗೆ ಒಂದೇ ಭಾರ ನೇತುಹಾಕಿದ್ರೆ ಟೈಟಾನಿಯಮ್ಮಿನದು ಹೆಚ್ಚುಕಮ್ಮಿ ಎರಡರಷ್ಟು ಬಾಗುತ್ತದೆ. ಭಾರ ತೆಗೆದ ಮೇಲೆ ವಾಪಸ್ ಬರುತ್ತದೆ, ಅದು ಬೇರೆ ಮಾತು. ಸ್ಪ್ರಿಂಗಿಗೆ ಈ ಗುಣ ಒಳ್ಳೆಯದು, ಲೇತ್ ಮೇಲೆ ಉದ್ದ ಸರಳು ಕಡೆಯುವವನಿಗೆ ತಲೆನೋವು.

ಇಷ್ಟೆಲ್ಲ ತಣ್ಣಗಿರುವಾಗಿನ ಕತೆ. ಬಿಸಿ ಮಾಡಿದ್ರೆ ನೀವು ಹೇಳಿದ ಕರಗುವ ಬಿಂದು ಕೈಕೊಡುತ್ತದೆ. 400 ಡಿಗ್ರಿ ದಾಟುವ ಹೊತ್ತಿಗೆ ಸಿಕ್ಸ್-ಫೋರ್ ತನ್ನ ಬಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿರುತ್ತದೆ. 718 ಹಾಗಲ್ಲ. 650 ಡಿಗ್ರಿಯಲ್ಲೂ ಕನಿಷ್ಠ 862 ಮೆಗಾಪ್ಯಾಸ್ಕಲ್ ಕೊಡಬೇಕು ಅಂತ ಖರೀದಿ ಮಾನದಂಡದಲ್ಲೇ ಬರೆದಿರುತ್ತದೆ, ಕೊಡುತ್ತದೆ ಕೂಡ. 718 ಕರಗಲು ಶುರುವಾಗೋದು 1260 ಡಿಗ್ರಿಗೆ, ಸಿಕ್ಸ್-ಫೋರ್ 1600ಕ್ಕೆ. ತಡವಾಗಿ ಕರಗುವ ಲೋಹ ಮೊದಲೇ ಸೋತುಬಿಡುತ್ತದೆ.

ಯಾಕೆ ಅಂತ ಕೇಳ್ತೀರಿ. ಒಂದು ಕಾರಣ ಪರಮಾಣುಗಳ ಜೋಡಣೆ. ನಿಕ್ಕಲ್‌ನ ಜೋಡಣೆ ತಣ್ಣಗಿದ್ದಾಗ ಹೇಗಿರುತ್ತದೋ ಕರಗುವ ಕ್ಷಣದ ತನಕ ಹಾಗೇ ಇರುತ್ತದೆ. ಶುದ್ಧ ಟೈಟಾನಿಯಂ 882 ಡಿಗ್ರಿಯಲ್ಲಿ ಒಂದು ಜೋಡಣೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆ ಎರಡನೆಯದರಲ್ಲಿ ಪರಮಾಣುಗಳು ಸಡಿಲ, ಓಡಾಟ ಜಾಸ್ತಿ. ಎರಡನೇ ಕಾರಣ, ನಿಕ್ಕಲ್ ಮಿಶ್ರಲೋಹದ ಒಳಗೆ ಸೂಕ್ಷ್ಮದರ್ಶಕಕ್ಕೂ ಕಷ್ಟದಲ್ಲಿ ಕಾಣುವಷ್ಟು ಸಣ್ಣ ಹರಳುಗಳು ಒತ್ತೊತ್ತಾಗಿ ಕೂತಿರುತ್ತವೆ. ನಿಕ್ಕಲ್ ಜೊತೆ ಅಲ್ಯೂಮಿನಿಯಂ, ಟೈಟಾನಿಯಂ ಸೇರಿ ಆದ ಹರಳು ಕೆಲವದರಲ್ಲಿ, 718ರಲ್ಲಿ ಮುಖ್ಯವಾಗಿ ನಯೋಬಿಯಂ ಸೇರಿದ್ದು. ಲೋಹ ಜಾರಿ ಬಗ್ಗಬೇಕಾದ್ರೆ ಈ ಹರಳುಗಳನ್ನು ಕತ್ತರಿಸಿಕೊಂಡು ಹೋಗಬೇಕು. ಅಲ್ಯೂಮಿನಿಯಂ ಇರುವ ಹರಳಿನ ವಿಶೇಷ ಏನಂದ್ರೆ, ಬಿಸಿ ಏರಿದಂತೆ ಅದು ಇನ್ನೂ ಗಟ್ಟಿಯಾಗುತ್ತದೆ, 700-800 ಡಿಗ್ರಿಯ ತನಕ. ಲೋಹಶಾಸ್ತ್ರದಲ್ಲಿ ನನಗೆ ಇವತ್ತಿಗೂ ಆಶ್ಚರ್ಯ ಹುಟ್ಟಿಸುವ ಸಂಗತಿ ಇದು. ಆದ್ರೆ 718ಕ್ಕೂ ಮಿತಿ ಇದೆ. 650 ದಾಟಿ ತುಂಬಾ ಹೊತ್ತು ಇಟ್ಟರೆ ಅದರ ನಯೋಬಿಯಂ ಹರಳು ಬೇರೆ ರೂಪಕ್ಕೆ ತಿರುಗಿ ಬಲ ಇಳಿಯುತ್ತದೆ. ಅಲ್ಲಿಂದ ಮೇಲಕ್ಕೆ ಬೇರೆ ನಿಕ್ಕಲ್ ಮಿಶ್ರಲೋಹಗಳಿವೆ.

ಬೆಟ್ಟಿಗೆ ತೀರ್ಪು ಬೇಕೇ ಬೇಕು ಅಂದ್ರೆ ಅಮೆರಿಕದ ಎರಡು ವಿಮಾನ ನೋಡಿ. ಶಬ್ದದ ಮೂರು ಪಟ್ಟು ವೇಗದಲ್ಲಿ ಹಾರುತ್ತಿದ್ದ ಎಸ್‌ಆರ್-71 ಬೇಹುಗಾರಿಕೆ ವಿಮಾನದ ಮೈ ಬಹುಪಾಲು ಟೈಟಾನಿಯಂ. ಎಕ್ಸ್-15 ಅನ್ನೋ ರಾಕೆಟ್ ವಿಮಾನ 1967ರ ಅಕ್ಟೋಬರ್ 3ರಂದು ಶಬ್ದದ ಆರು ಪಟ್ಟಿಗಿಂತ ಹೆಚ್ಚು ವೇಗ ಮುಟ್ಟಿತು. ಅದರ ಹೊರಚರ್ಮ ಇಂಕೊನೆಲ್ ಎಕ್ಸ್, ಒಳಗಿನ ಚೌಕಟ್ಟಿನಲ್ಲಿ ಟೈಟಾನಿಯಂ. ಬೆಂಕಿಗೆ ಮೈಯೊಡ್ಡುವ ಜಾಗಕ್ಕೆ ರೂಮ್‌ಮೇಟ್, ಒಳಗೆ ಹಗುರವಾಗಿ ಭಾರ ಹೊರೋದಕ್ಕೆ ನೀವು.

ಏರ್‌ಫೋರ್ಸಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದು ನಿವೃತ್ತನಾದವನು ನಾನು. ಎಂಜಿನ್ ಬಿಚ್ಚಿದಾಗ ಮುಂದಿನ ಬ್ಲೇಡ್ ಕೈಗೆ ಹಗುರ, ಹಿಂದಿನದು ಸಣ್ಣದಾದರೂ ಭಾರ ಅನ್ನಿಸೋದು. ಹಿಂದಕ್ಕೂ ಟೈಟಾನಿಯಂ ಹಾಕಿದ್ರೆ ಎಂಜಿನ್ ಇನ್ನೂ ಹಗುರ ಆಗ್ತಿತ್ತಲ್ಲ? ಆಗ ಮೇಲಿನವರನ್ನು ಕೇಳೋಕೆ ಧೈರ್ಯ ಬರಲಿಲ್ಲ, ಈಗ ಕೇಳ್ತಿದ್ದೇನೆ.
— ಓದುಗರು, ಮಡಿಕೇರಿ

ಒಳ್ಳೆ ಪ್ರಶ್ನೆ ಸರ್. ಮೇಲಿನವರಿಗೂ ಉತ್ತರ ಗೊತ್ತಿತ್ತೋ ಇಲ್ಲವೋ!

ಮುಂದೆ ಟೈಟಾನಿಯಂ ಹಾಕಿದ್ರೆ ಲಾಭ ಬ್ಲೇಡಿನ ತೂಕಕ್ಕೇ ನಿಲ್ಲೋದಿಲ್ಲ. ತಿರುಗುವಾಗ ಬ್ಲೇಡ್ ತನ್ನ ಬುಡವನ್ನೇ ಹೊರಕ್ಕೆ ಎಳೆಯುತ್ತದೆ. ಬ್ಲೇಡ್ ಹಗುರ ಆದ್ರೆ ಅದನ್ನು ಹಿಡಿದ ಡಿಸ್ಕ್ ತೆಳ್ಳಗೆ ಮಾಡಬಹುದು, ಡಿಸ್ಕ್ ಹಗುರ ಆದ್ರೆ ಶಾಫ್ಟು, ಬೇರಿಂಗು, ಹೊರಗಿನ ಕವಚ ಎಲ್ಲವೂ ಹಗುರ. ಹಾಗಾಗಿ ಸಾಧ್ಯ ಇರುವಷ್ಟು ಹಿಂದಕ್ಕೂ ಟೈಟಾನಿಯಮ್ಮನ್ನೇ ತಳ್ಳಿಕೊಂಡು ಹೋಗೋದು ಎಂಜಿನ್ ಮಾಡುವವರ ಆಸೆ. ಆದ್ರೆ ಗಾಳಿಯನ್ನು ಒತ್ತಿದ್ರೆ ಬಿಸಿಯಾಗುತ್ತದೆ. ಈಗಿನ ದೊಡ್ಡ ಎಂಜಿನ್‌ಗಳಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರಿನ ಕೊನೆಗೆ ಬರುವ ಹೊತ್ತಿಗೆ, ಇನ್ನೂ ಒಂದು ಹನಿ ಇಂಧನ ಉರಿಸದೇ ಇದ್ದಾಗಲೂ, ಗಾಳಿ 600 ಡಿಗ್ರಿ ದಾಟಿರುತ್ತದೆ. ಬಿಸಿಗೆಂದೇ ಮಾಡಿದ ವಿಶೇಷ ಟೈಟಾನಿಯಂ ಮಿಶ್ರಲೋಹಗಳೂ ಸುಮಾರು 600ಕ್ಕೆ ನಿಂತುಬಿಡುತ್ತವೆ.

ನಿಲ್ಲೋದಕ್ಕೆ ಮೂರು ಕಾರಣ. ಮೊದಲನೆಯದು ಕ್ರೀಪ್. ಹಸಿ ಸಿಲ್ವರ್ ಓಕ್ ಹಲಗೆ ಮೇಲೆ ಕಾಫಿ ಮೂಟೆ ಇಟ್ಟು ವರ್ಷ ಬಿಟ್ಟು ನೋಡಿದ್ರೆ ಹಲಗೆ ಜೋತುಬಿದ್ದಿರುತ್ತದಲ್ಲ, ಹಾಗೆ ಬಿಸಿಯಲ್ಲಿರುವ ಬ್ಲೇಡು ಮುರಿಯದೆ ನಿಧಾನವಾಗಿ ಉದ್ದವಾಗುತ್ತಾ ಹೋಗುತ್ತದೆ. ತುದಿ ಕವಚಕ್ಕೆ ಉಜ್ಜಿದ ದಿನ ಮುಗೀತು. ಎರಡನೆಯದು ಆಮ್ಲಜನಕ. ಬಿಸಿ ಜಾಸ್ತಿಯಾದ್ರೆ ಟೈಟಾನಿಯಂ ಗಾಳಿಯ ಆಮ್ಲಜನಕವನ್ನು ಒಳಕ್ಕೆ ಹೀರಿಕೊಳ್ಳುತ್ತದೆ, ಮೇಲಿನ ಪದರ ಗಾಜಿನಂತೆ ಪೆಡಸಾಗಿ ಬಿರುಕು ಬಿಡುತ್ತದೆ. ನಿಕ್ಕಲ್ ಮಿಶ್ರಲೋಹದಲ್ಲಿರುವ ಕ್ರೋಮಿಯಂ, ಅಲ್ಯೂಮಿನಿಯಂ ಮೇಲ್ಮೈಯಲ್ಲೇ ಬಿಗಿಯಾದ ಪೊರೆ ಕಟ್ಟಿ ಬಾಗಿಲು ಹಾಕಿಬಿಡುತ್ತವೆ.

ಮೂರನೆಯದು ಬೆಂಕಿ, ಇದೇ ಭಯಾನಕ. ಟೈಟಾನಿಯಂ ಕರಗುವ ಮೊದಲೇ ಹೊತ್ತಿಕೊಳ್ಳಬಲ್ಲದು. ಟೈಟಾನಿಯಂ ಬ್ಲೇಡು ಟೈಟಾನಿಯಂ ಕವಚಕ್ಕೆ ಜೋರಾಗಿ ಉಜ್ಜಿತು ಅಂದುಕೊಳ್ಳಿ. ಈ ಲೋಹದಲ್ಲಿ ಶಾಖ ಹರಡೋದೇ ನಿಧಾನ, ಹಾಗಾಗಿ ಉಜ್ಜಿದ ಕಡೆಯೇ ಬಿಸಿ ಏರುತ್ತಾ ಹೋಗುತ್ತದೆ. ಸುತ್ತ ಒತ್ತಡದ ಬಿಸಿ ಗಾಳಿ ರಭಸವಾಗಿ ಹರಿಯುತ್ತಿದೆ. ಹೊತ್ತಿದ್ರೆ ಕೆಲವೇ ಸೆಕೆಂಡಿನಲ್ಲಿ ಬ್ಲೇಡು ಉರಿದು, ಬೆಂಕಿ ಕವಚವನ್ನೇ ತೂತು ಮಾಡಿ ಹೊರಗೆ ಬರಬಹುದು. ನಂದಿಸೋಕೆ ಟೈಮೇ ಸಿಗೋದಿಲ್ಲ. ಅದಕ್ಕೇ ಟೈಟಾನಿಯಂ ಬ್ಲೇಡ್ ಇರುವ ಕಡೆ ಕವಚಕ್ಕೆ ಬೇರೆ ಲೋಹ, ಇಲ್ಲವೇ ಉಜ್ಜಿದ್ರೆ ಸವೆದುಹೋಗುವ ಮೆತ್ತನೆ ಲೇಪ ಕೊಡುತ್ತಾರೆ.

ಇನ್ನು ಇಂಧನ ಉರಿದ ಮೇಲೆ ಬರುವ ಹಿಂದಿನ ಭಾಗ, ಟರ್ಬೈನಿನ ಮಾತು ಬಿಡಿ, ಅಲ್ಲಿ ಗಾಳಿ 1500 ಡಿಗ್ರಿಗೂ ಮೇಲೆ, ನಿಕ್ಕಲ್ ಬ್ಲೇಡೇ ಕರಗಿಹೋಗುವಷ್ಟು ಬಿಸಿ. ಬ್ಲೇಡಿನ ಒಳಗೆ ಸಣ್ಣ ಸಣ್ಣ ತೂತಿನಿಂದ ತಂಪು ಗಾಳಿ (ತಂಪು ಅಂದ್ರೆ ಅದೇ 600 ಡಿಗ್ರಿಯದು!) ಬಿಟ್ಟು, ಮೇಲೆ ಸೆರಾಮಿಕ್ ಲೇಪ ಬಳಿದು ಕಾಪಾಡುತ್ತಾರೆ. ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುವುದೂ ಇದೆ. ಹರಳುಗಳ ನಡುವಿನ ಗಡಿಯೇ ಇಲ್ಲದಿದ್ರೆ ಅಲ್ಲಿ ಜಾರುವ ಪ್ರಶ್ನೆಯೂ ಇಲ್ಲ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್ ಇಂಥ ಏಕಹರಳಿನ ಬ್ಲೇಡುಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಮಾಡಿ 2021ರಲ್ಲಿ ಎಚ್‌ಎಎಲ್‌ಗೆ 60 ಬ್ಲೇಡು ಕೊಟ್ಟಿತು.

ನಿಮ್ಮ ಆಸೆ ಸ್ವಲ್ಪ ಮಟ್ಟಿಗೆ ಈಡೇರಿದೆ ಅನ್ನಿ. ಬೋಯಿಂಗ್ 787ರ ಜಿಇಎನ್‌ಎಕ್ಸ್ ಎಂಜಿನ್ನಿನಲ್ಲಿ ಟರ್ಬೈನಿನ ಕೊನೆಯ, ಕಡಿಮೆ ಬಿಸಿಯ ಸಾಲುಗಳಿಗೆ ಟೈಟಾನಿಯಂ ಅಲ್ಯೂಮಿನೈಡ್ (ಟೈಟಾನಿಯಂ, ಅಲ್ಯೂಮಿನಿಯಂ ಕೂಡಿದ್ದು) ಬ್ಲೇಡ್ ಹಾಕಿದ್ದಾರೆ. ತೂಕ ನಿಕ್ಕಲ್‌ನ ಅರ್ಧ. ಆದ್ರೆ ಅದು ಮಾಮೂಲಿ ಟೈಟಾನಿಯಂ ಅಲ್ಲ. ತಣ್ಣಗಿದ್ದಾಗ ಪೆಡಸು, ಎರಕ ಹೊಯ್ಯೋದು, ಕಡೆಯೋದು ಎಲ್ಲವೂ ಕಷ್ಟ.

ಬೈಕಿಗೆ ಟೈಟಾನಿಯಂ ಸೈಲೆನ್ಸರ್ ಅಂತ ಒಂದು ಅಂಗಡಿಯಲ್ಲಿ ತಗೊಂಡೆ. ನೀಲಿ, ನೇರಳೆ ಬಣ್ಣ ಚೆನ್ನಾಗಿದೆ, ಮ್ಯಾಗ್ನೆಟ್ ಕೂಡ ಅಂಟಲ್ಲ. ಆದ್ರೂ ಫ್ರೆಂಡ್ಸ್ ಡುಪ್ಲಿಕೇಟ್ ಅಂತಾರೆ. ಕಂಡುಹಿಡಿಯೋದು ಹೇಗೆ?
— ಓದುಗ, ಕುಶಾಲನಗರ

ಬಣ್ಣ ನಂಬಬೇಡಿ. ಬಿಸಿಯಾದಾಗ ಮೇಲ್ಮೈ ಮೇಲೆ ಕಟ್ಟುವ ತೆಳು ಪೊರೆ ಬೆಳಕನ್ನು ಒಡೆದು ಹಾಗೆ ಕಾಣಿಸುತ್ತದೆ. ಟೈಟಾನಿಯಂ ಮೇಲೂ ಬರುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಮೇಲೂ ಬರುತ್ತದೆ, ಸ್ಪ್ರೇ ಡಬ್ಬದಿಂದಲೂ ಬರುತ್ತದೆ. ಮ್ಯಾಗ್ನೆಟ್ಟೂ ಪ್ರಯೋಜನ ಇಲ್ಲ. ಅಡುಗೆಮನೆಯ ಒಳ್ಳೆ ಸ್ಟೀಲ್ ಲೋಟಕ್ಕೂ ಅದು ಸರಿಯಾಗಿ ಅಂಟೋದಿಲ್ಲ, ಅದರಲ್ಲಿರುವ ನಿಕ್ಕಲ್ ಅದಕ್ಕೆ ಕಾರಣ.

ತೂಕವೇ ಸರಿಯಾದ ಪರೀಕ್ಷೆ. ಸೈಲೆನ್ಸರಿನ ಜೊತೆ ಬಂದ ಅದೇ ಲೋಹದ ಕ್ಲಾಂಪೋ ಬ್ರಾಕೆಟ್ಟೋ ಒಂದಿದ್ದರೆ ಬಿಚ್ಚಿಕೊಳ್ಳಿ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಮೊದಲು ಒಣಗಿದ ತುಂಡು ತೂಗಿ, 90 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ಈಗ ಪಾತ್ರೆಯಲ್ಲಿ ಉಕ್ಕಿ ಚೆಲ್ಲದಷ್ಟು ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ತುಂಡನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದ್ರೆ ತಳಕ್ಕೂ ಪಕ್ಕಕ್ಕೂ ತಾಗದಂತೆ ಕೈಯಲ್ಲೇ ಹಿಡಿದುಕೊಳ್ಳಿ. ತಕ್ಕಡಿ 20 ತೋರಿಸಿದ್ರೆ ಟೈಟಾನಿಯಂ. 11-12 ತೋರಿಸಿದ್ರೆ ಸ್ಟೀಲು. ತುಂಡಿಗೆ ಗಾಳಿಗುಳ್ಳೆ ಅಂಟಿದ್ರೆ ಲೆಕ್ಕ ತಪ್ಪುತ್ತದೆ, ಬೆರಳಲ್ಲಿ ಒರೆಸಿಬಿಡಿ.

ವರ್ಕ್‌ಶಾಪಿನವರು ಕಿಡಿ ನೋಡಿಯೇ ಹೇಳಬಲ್ಲರು. ಗ್ರೈಂಡರಿಗೆ ತಾಗಿಸಿದ್ರೆ ಟೈಟಾನಿಯಂ ಕಣ್ಣು ಕುಕ್ಕುವ ಬಿಳಿ ಕಿಡಿ ಬಿಡುತ್ತದೆ, ನಿಕ್ಕಲ್ ಮಿಶ್ರಲೋಹ ಗಿಡ್ಡನೆಯ ಮಂಕು ಕೆಂಪು ಕಿಡಿ, ಅದೂ ನಾಲ್ಕಾರು. ಆದ್ರೆ ಟೈಟಾನಿಯಂ ಪುಡಿ ಹೊತ್ತಿಕೊಳ್ಳುತ್ತದೆ, ಹೊತ್ತಿದ್ರೆ ನೀರು ಹಾಕಬಾರದು, ಒಣ ಮರಳು ಸುರಿಯಬೇಕು. ನಿಮಗೆ ತಕ್ಕಡಿಯೇ ಸಾಕು.

ಅಸಲಿ ಆಗಿದ್ರೆ ಅದಕ್ಕೆ ಹೆಚ್ಚು ಒಪ್ಪುವ ಜಾಗ ಸೈಲೆನ್ಸರೇ. ಎಂಜಿನ್ ಬಾಯಿಗೆ ಅಂಟಿಕೊಂಡ ಪೈಪಿನಲ್ಲಿ ಬಿಸಿ ಜಾಸ್ತಿ. ಫಾರ್ಮುಲಾ ಒನ್ ಕಾರಿನವರು ಆ ಜಾಗಕ್ಕೆ ತೆಳು ಇಂಕೊನೆಲ್ ಪೈಪನ್ನೇ ಹಾಕೋದು. ಮತ್ತೆ, ಲೋಹ ಯಾವುದೇ ಇರಲಿ, ರಾತ್ರಿ ಹನ್ನೊಂದಕ್ಕೆ ಊರೊಳಗೆ ಅದನ್ನು ಗುಡುಗಿಸಿಕೊಂಡು ಹೋಗಬೇಡಿ ಮಾರಾಯ್ರೇ.

ಟೈಟಾನಿಯಂ ಪಕ್ಕದ ಕೇರಳದ ಮರಳಲ್ಲೇ ಸಿಗುತ್ತೆ ಅಂತಾರೆ. ಹಾಗಿದ್ರೂ ಇಷ್ಟು ದುಬಾರಿ ಯಾಕೆ?
— ಓದುಗರು, ಸಿದ್ದಾಪುರ

ಸಿಗುತ್ತದೆ, ನಿಜ. ಕೊಲ್ಲಂ ಹತ್ತಿರದ ಚವರದ ಕಡಲ ಮರಳಿನಲ್ಲಿ ಕಪ್ಪಗೆ ಹೊಳೆಯುವ ಇಲ್ಮನೈಟ್ ಅನ್ನೋ ಟೈಟಾನಿಯಂ ಅದಿರು ಇದೆ. ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚು ಇರುವ ಧಾತುಗಳಲ್ಲಿ ಟೈಟಾನಿಯಂ ಒಂಬತ್ತನೆಯದು, ನಿಕ್ಕಲ್ ಅದಕ್ಕಿಂತ ಎಷ್ಟೋ ಅಪರೂಪ. ದುಬಾರಿ ಆಗೋದು ಅದಿರಿನಿಂದ ಲೋಹ ಬಿಡಿಸುವಾಗ. ಇದ್ದಿಲು ಹಾಕಿ ಕಬ್ಬಿಣ ಮಾಡಿದ ಹಾಗೆ ಮಾಡಿದ್ರೆ ಟೈಟಾನಿಯಂ ಇದ್ದಿಲಿನ ಜೊತೆಯೇ ಕೂಡಿಕೊಂಡುಬಿಡುತ್ತದೆ. ಅದಕ್ಕೆ ಮೊದಲು ಕ್ಲೋರೀನ್ ಸೇರಿಸಿ ದ್ರವ ಮಾಡಬೇಕು, ಆಮೇಲೆ ಗಾಳಿ ಸೋಕದ ಮುಚ್ಚಿದ ಪಾತ್ರೆಯಲ್ಲಿ ಕರಗಿದ ಮೆಗ್ನೀಷಿಯಂ ಜೊತೆ ಸೇರಿಸಿ ದಿನಗಟ್ಟಲೆ ಕಾಯಬೇಕು. ಸಿಗೋದು ತೂತುತೂತಾದ ಸ್ಪಂಜು. ಅದನ್ನು ಒಡೆದು, ಒತ್ತಿ, ನಿರ್ವಾತದಲ್ಲಿ ಎರಡು ಮೂರು ಸಲ ಕರಗಿಸಿದ್ರೆ ಲೋಹದ ಗಟ್ಟಿ ಸಿಗುತ್ತದೆ. ಕ್ರೋಲ್ ಅನ್ನೋ ವಿಜ್ಞಾನಿಯ ಈ ವಿಧಾನ 1940ರ ದಶಕದಿಂದ ಹೆಚ್ಚೇನೂ ಬದಲಾಗಿಲ್ಲ. ಚವರದಲ್ಲೇ ವರ್ಷಕ್ಕೆ 500 ಟನ್ ಸ್ಪಂಜಿನ ಕಾರ್ಖಾನೆ 2011ರಲ್ಲಿ ಶುರುವಾಯಿತು, ಮುಖ್ಯವಾಗಿ ಬಾಹ್ಯಾಕಾಶದ ಕೆಲಸಕ್ಕೆ.

ಅಮ್ಮನ ತೊಡೆಮೂಳೆ ಮುರಿದಿದೆ, ರಾಡ್ ಹಾಕಬೇಕು ಅಂದಿದ್ದಾರೆ. ಸ್ಟೀಲಾ, ಟೈಟಾನಿಯಮ್ಮಾ ಅಂತ ನಮ್ಮನ್ನೇ ಕೇಳ್ತಿದ್ದಾರೆ. ಅಮ್ಮನಿಗೆ ಫ್ಯಾನ್ಸಿ ಓಲೆ ಹಾಕಿದ್ರೆ ಕಿವಿ ಕೆಂಪಾಗಿ ತುರಿಸುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ನಮ್ಮ ಮಳೆಗೆ ಒಳಗೆ ತುಕ್ಕು ಹಿಡಿಯಲ್ವಾ?
— ಓದುಗರು, ನಾಪೋಕ್ಲು

ಸಂಬಂಧ ಇರಬಹುದು, ಓಲೆಯ ವಿಷಯವನ್ನು ಮೊದಲು ಡಾಕ್ಟರಿಗೆ ಹೇಳಿ. ಅಂಥ ಓಲೆಗಳ ಲೇಪದಲ್ಲಿ ನಿಕ್ಕಲ್ ಇರುತ್ತದೆ, ಹಲವರಿಗೆ ಅದು ಆಗೋದಿಲ್ಲ. ಮೂಳೆಗೆ ಹಾಕುವ ಸ್ಟೀಲಿನಲ್ಲೂ ಶೇಕಡಾ ಹತ್ತಕ್ಕಿಂತ ಹೆಚ್ಚು ನಿಕ್ಕಲ್ ಇದೆ. ಚರ್ಮಕ್ಕೆ ಆಗದವರಿಗೆಲ್ಲ ಒಳಗೆ ಹಾಕಿದ ಸ್ಟೀಲ್ ತೊಂದರೆ ಕೊಡುತ್ತದೆ ಅಂತಲ್ಲ, ಬಹಳ ಜನರಿಗೆ ಏನೂ ಆಗೋದಿಲ್ಲ. ಆದ್ರೂ ಆಯ್ಕೆ ಇರುವಾಗ ಡಾಕ್ಟರಿಗೆ ಗೊತ್ತಿರಬೇಕು. ಮೂಳೆಗೆ ಹಾಕುವ ಟೈಟಾನಿಯಂ ರಾಡಿನಲ್ಲಿ ನಿಕ್ಕಲ್ ಸೇರಿಸಿರೋದಿಲ್ಲ. ಸ್ಟೀಲಿನ ಅರ್ಧದಷ್ಟೇ ಬಿಗಿ, ಹಾಗಾಗಿ ಭಾರದಲ್ಲಿ ಮೂಳೆಗೂ ಸ್ವಲ್ಪ ಪಾಲು ಬಿಡುತ್ತದೆ. ಮೂಳೆಗೆ ಕೆಲಸ ಇಲ್ಲದಿದ್ದರೆ ಸೊರಗುತ್ತದೆ. ಮುಂದೆ ಎಂಆರ್‌ಐ ಮಾಡಿಸಬೇಕಾದ್ರೆ ಚಿತ್ರವೂ ಟೈಟಾನಿಯಮ್ಮಿನ ಹತ್ತಿರ ಕಮ್ಮಿ ಕೆಡುತ್ತದೆ. ಮುರಿತ ಯಾವ ಬಗೆ ಅನ್ನೋದನ್ನು ನೋಡಿ ತೀರ್ಮಾನ ಮಾಡಬೇಕಾದವರು ಡಾಕ್ಟರೇ, ನಾನಲ್ಲ. ಮಳೆಯ ಚಿಂತೆ ಮಾತ್ರ ಬಿಡಿ. ಭಾಗಮಂಡಲದ ಜುಲೈ ತಿಂಗಳಿಗಿಂತ ನಮ್ಮ ಮೈಯೊಳಗಿನ ಉಪ್ಪುನೀರೇ ಲೋಹಕ್ಕೆ ಕಷ್ಟದ ಜಾಗ. ಟೈಟಾನಿಯಂ ಅದನ್ನು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ.

ಕಾಚಂಪುಳಿ ಹಾಕಿದ್ರೆ ಅಲ್ಯೂಮಿನಿಯಂ ಪಾತ್ರೆ ಹಾಳಾಗುತ್ತೆ. ಟೈಟಾನಿಯಂ ಪಾತ್ರೆ ತಗೊಂಡ್ರೆ ಹೇಗೆ?
— ಗೃಹಿಣಿ, ವಿರಾಜಪೇಟೆ

ಕಾಚಂಪುಳಿ ಎಷ್ಟೇ ಹುಳಿ ಇರಲಿ, ಟೈಟಾನಿಯಮ್ಮಿಗೆ ಏನೂ ಆಗೋದಿಲ್ಲ. ಪಂದಿ ಕರಿಗೆ ಆಗುತ್ತದೆ! ಟೈಟಾನಿಯಂ ಶಾಖ ಹರಡೋದು ಅಲ್ಯೂಮಿನಿಯಮ್ಮಿನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ತೆಳು ಪಾತ್ರೆಯಲ್ಲಿ ಉರಿ ತಾಗಿದ ಕಡೆ ತಳ ಹಿಡಿದು, ಅಂಚಿನಲ್ಲಿ ಬೇಯದೆ ಉಳಿಯುತ್ತದೆ. ಬೆಟ್ಟ ಹತ್ತುವವರು ನೀರು ಕಾಯಿಸೋಕೆ ಒಯ್ಯುವ ಪಾತ್ರೆ ಅದು, ಗಂಟೆಗಟ್ಟಲೆ ಮಾಂಸ ಬೇಯಿಸೋಕಲ್ಲ. ದಪ್ಪ ತಳದ ಸ್ಟೀಲ್ ಪಾತ್ರೆ ಸಾಕು. 'ಟೈಟಾನಿಯಂ ಕೋಟಿಂಗ್' ಅಂತ ಬರೆದಿದ್ರೆ ಪಾತ್ರೆ ಟೈಟಾನಿಯಂ ಅಲ್ಲ, ಸಾಮಾನ್ಯವಾಗಿ ಒಳಗಿರೋದು ಅಲ್ಯೂಮಿನಿಯಮ್ಮೇ.

ಹುಳಿಯ ಮಾತು ಬಂದಿದ್ದಕ್ಕೆ ಇನ್ನೊಂದು. ಟೈಟಾನಿಯಂ ಎಲ್ಲ ಆಮ್ಲಕ್ಕೂ ಬಗ್ಗೋದಿಲ್ಲ ಅಂತಲ್ಲ. ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಬೇಗ ಕರಗಿಹೋಗುತ್ತದೆ. ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲವೂ ಅದನ್ನು ತಿನ್ನುತ್ತದೆ, ಅಲ್ಲಿ ಹ್ಯಾಸ್ಟೆಲಾಯ್ ಅನ್ನೋ ನಿಕ್ಕಲ್ ಮಿಶ್ರಲೋಹ ಬೇಕು. ಕಾಸ್ಟಿಕ್ ಸೋಡಾ ಕುದಿಸೋಕೂ ನಿಕ್ಕಲ್ಲೇ. ಸಮುದ್ರದ ನೀರಿಗೆ ಬಂದ್ರೆ ಟೈಟಾನಿಯಮ್ಮನ್ನು ಮೀರಿಸೋದು ಕಷ್ಟ.

ಟೈಟಾನಿಯಮ್ಮಿನಲ್ಲಿ ಒಡಿಕತ್ತಿ ಮಾಡಿಸಬಹುದಾ? ಕೈಲ್‌ಪೊಳ್ದ್ ಪೂಜೆಗೆ ತುಕ್ಕು ಹಿಡಿಯದ ಒಂದು ಇರಲಿ ಅಂತ.
— ಓದುಗ, ಗೋಣಿಕೊಪ್ಪ

ಪೂಜೆಗೆ ಇಡೋಕಾದ್ರೆ ಮಾಡಿಸಿ. ಕಡಿಯೋಕಾದ್ರೆ ಬೇಡ. ಗಡಸುತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ ಸಿಕ್ಸ್-ಫೋರ್ ಸುಮಾರು 36, ಒಳ್ಳೆ ಕತ್ತಿಯ ಸ್ಟೀಲ್ 55ಕ್ಕೂ ಮೇಲೆ. ಅಂಚು ಬೇಗ ಮೊಂಡಾಗುತ್ತದೆ. ಕತ್ತಿಗೆ ತೂಕ ಬೇರೆ ಬೇಕಲ್ಲ, ಇದು ಬೀಸಿದ್ರೆ ಕೊಂಬೆ ಮೇಲೆ ಪುಟಿಯುತ್ತದೆ.

ಹೊಸ ಕನ್ನಡಕದ ಫ್ರೇಮ್ ಹೇಗೆ ತಿರುಚಿದ್ರೂ ವಾಪಸ್ ಮೊದಲಿನ ಹಾಗೇ ಆಗುತ್ತೆ. ಟೈಟಾನಿಯಂ ಅಂದ್ರು. ಟೈಟಾನಿಯಂ ಹೀಗಿರುತ್ತಾ?
— ನಿವೃತ್ತ ಶಿಕ್ಷಕರು, ಸೋಮವಾರಪೇಟೆ

ಅದು ನಿಟಿನಾಲ್ ಇರಬೇಕು ಮೇಷ್ಟ್ರೇ. ನಿಕ್ಕಲ್, ಟೈಟಾನಿಯಂ ಎರಡರ ಪರಮಾಣುಗಳನ್ನೂ ಹೆಚ್ಚುಕಮ್ಮಿ ಸಮವಾಗಿ ಬೆರೆಸಿದ್ದು, ತೂಕದಲ್ಲಿ ನಿಕ್ಕಲ್ ಸುಮಾರು 55 ಭಾಗ. ಇದರ ಗುಣ ಅಪ್ಪನದೂ ಅಲ್ಲ, ಅಮ್ಮನದೂ ಅಲ್ಲ. ತಿರುಚಿದಾಗ ಪರಮಾಣುಗಳ ಜೋಡಣೆ ಇನ್ನೊಂದು ರೂಪಕ್ಕೆ ಹೊರಳಿ, ಕೈ ಬಿಟ್ಟ ಕೂಡಲೇ ಮೊದಲಿನದಕ್ಕೆ ಮರಳುತ್ತದೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ 1960ರ ಸುಮಾರಿಗೆ ಈ ಗುಣ ಗೊತ್ತಾದದ್ದು. ರಕ್ತನಾಳಕ್ಕೆ ಹಾಕುವ ಕೆಲವು ಸಾಧನಗಳೂ, ಹಲ್ಲಿಗೆ ಕಟ್ಟುವ ತಂತಿಯೂ ಇದೇ. ಮೂಗಿನ ಹತ್ತಿರ ತುರಿಕೆ ಬಂದ್ರೆ ನಾಪೋಕ್ಲಿನವರಿಗೆ ಹೇಳಿದ್ದನ್ನು ನೀವೂ ಓದಿ. ಫ್ರೇಮ್ ಎಲ್ಲಾದರೂ ಮುರಿದಾಗ ಅಂಗಡಿಯವರು ಮಾಮೂಲಿ ಬೆಸುಗೆ ಹಾಕಿಕೊಡ್ತೇನೆ ಅಂದ್ರೆ ಬೇಡ ಅನ್ನಿ. ಆ ಬಿಸಿಗೆ ಬೆಸುಗೆಯ ಅಕ್ಕಪಕ್ಕದಲ್ಲಿ ವಾಪಸ್ ಬರುವ ಗುಣ ಹೋಗಿಬಿಡುತ್ತದೆ. ಆ ಭಾಗವನ್ನೇ ಬದಲಾಯಿಸಿಕೊಡಿ ಅನ್ನಿ.